ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ನಿಮ್ಮ ಹಸು: ಪಾಲಿನ ಲೆಕ್ಕ ನಡೆಯೋದು ಹೇಗೆ?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಮಾತನ್ನು ತುಸು ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ದೊಡ್ಡಬಳ್ಳಾಪುರದಿಂದ ಯಶವಂತಪುರಕ್ಕೆ ರೈಲಲ್ಲಿ ಹೋಗ್ತಾ ಇರೋರಿಗೆ, ಹೊಸಕೋಟೆ ಟೋಲ್ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿರೋರಿಗೆ ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಹಸು. ಭಾಷಣ ಇಲ್ಲ, ಬರೀ ದುಡ್ಡಿನ ಲೆಕ್ಕ.

ನಿಮ್ಮ ಫೋನಿಗೆ ಎರಡು ಥರದ ಆಫರ್ ಬರುತ್ತೆ ಅಂದ್ಕೊಳ್ಳಿ. ಮೊದಲನೇದು ಒಂದು ರೀಲ್ಸ್. ಸಾಲಾಗಿ ಕಪ್ಪು-ಬಿಳುಪು ಹಸುಗಳು, ಹಿಂದೆ ಡ್ರೋನ್ ಶಾಟ್. ‘ಒಂದು ಲಕ್ಷ ಹಾಕಿ, ಒಂದು ಹಸುವಿಗೆ ಮಾಲೀಕರಾಗಿ, ತಿಂಗಳಿಗೆ 5 ಸಾವಿರ ನಿಮ್ಮ ಅಕೌಂಟಿಗೆ. ನೀವು ಕೊಟ್ಟಿಗೆ ಕಡೆ ತಲೆ ಹಾಕೋದೂ ಬೇಡ’ ಅಂತಾರೆ. ಎರಡನೇದು ನಿಮ್ಮ ಚಿಕ್ಕಮ್ಮನ ಫೋನು: ‘ಒಂದು ಹಸು ತೆಗೆದುಕೊಡೋ ಮಗಾ, ಪಾಲಲ್ಲಿ ನೋಡ್ಕೊಂತೀನಿ. ನಿನಗೂ ಆಗುತ್ತೆ, ನನಗೂ ಆಗುತ್ತೆ.’

ಕೇಳೋಕೆ ಎರಡೂ ಒಂದೇ: ದುಡ್ಡು ಒಬ್ಬರದು, ದುಡಿಮೆ ಇನ್ನೊಬ್ಬರದು, ಬಂದದ್ದರಲ್ಲಿ ಹಂಚಿಕೆ. ಒಳಗಿನ ಕಟ್ಟು ಮಾತ್ರ ಬೇರೆ ಬೇರೆ. ಮೊದಲು ಚಿಕ್ಕಮ್ಮನ ಆಫರ್ ಬಿಡಿಸೋಣ, ಯಾಕಂದ್ರೆ ಅದು ಅರ್ಥ ಆದರೆ ರೀಲ್ಸ್ ತಾನಾಗಿ ಅರ್ಥ ಆಗುತ್ತೆ.

ಪಾಲು ಅಂದ್ರೆ ಏನು

ಪಾಲಿಗೆ ಸಾಕೋದು ನಮ್ಮ ಕಡೆ ಹೊಸದಲ್ಲ. ಕೆಲವರು ‘ವಾರಕ್ಕೆ ಕೊಡೋದು’ ಅಂತಲೂ ಹೇಳ್ತಾರೆ. ಈ ವಾರಕ್ಕೂ ಸೋಮವಾರ, ಮಂಗಳವಾರಕ್ಕೂ ಸಂಬಂಧ ಇಲ್ಲ. ಹೊಲವನ್ನ ವಾರಕ್ಕೆ ಕೊಡೋದು ಅಂತೀವಲ್ಲ, ಆ ವಾರ, ಅಂದ್ರೆ ಪಾಲು. ಕರಾರು ಊರಿಂದ ಊರಿಗೆ ಬೇರೆ. ಹಾಲು ಕೊಡೋ ಹಸು ಕೊಟ್ಟರೆ ಹಾಲು ಸಾಕುವವರಿಗೆ, ಕರುಗಳು ಸರದಿಯಲ್ಲಿ: ಮೊದಲನೇದು ಒಬ್ಬರಿಗೆ, ಎರಡನೇದು ಇನ್ನೊಬ್ಬರಿಗೆ. ಕಡಸು ಕೊಟ್ಟರೆ ಅದು ಬೆಳೆದು ಕರು ಹಾಕಿದ ಮೇಲೆ ನಾಲ್ಕು ಜನ ಕೂತು ಬೆಲೆ ಕಟ್ಟಿ, ಏರಿದ ಬೆಲೆಯಲ್ಲಿ ಅರ್ಧ-ಅರ್ಧ. ಹಸು ಇಟ್ಕೊಳ್ಳೋರು ಇನ್ನೊಬ್ಬರ ಪಾಲನ್ನ ದುಡ್ಡಲ್ಲಿ ಕೊಡ್ತಾರೆ. ಸಗಣಿ, ಗೊಬ್ಬರ ಯಾವಾಗಲೂ ಸಾಕಿದವರದು.

ಒಂದು ಗಮನಿಸಿ. ಈ ಹಳೇ ಕರಾರುಗಳಲ್ಲಿ ಹಾಲಿನ ದುಡ್ಡಿಗೆ ಹಣ ಹಾಕಿದವರು ಕೈ ಹಾಕೋದೇ ಇಲ್ಲ. ಅವರ ಲಾಭ ಇರೋದು ಕರುವಿನಲ್ಲಿ, ಏರಿದ ಬೆಲೆಯಲ್ಲಿ. ಇದು ದೊಡ್ಡಮನಸ್ಸಿನ ಮಾತಲ್ಲ, ಲೆಕ್ಕ. ಮಾಡಿ ನೋಡೋಣ.

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ದರ ಹಾಕಿ ನೀವೇ ಬದಲಾಯಿಸಿಕೊಳ್ಳಿ. ಒಂದು ಎಚ್‌ಎಫ್ ಮಿಶ್ರತಳಿ ಹಸು, ಸರಾಸರಿ ದಿನಕ್ಕೆ 12 ಲೀಟರ್, 305 ದಿನ ಕರೀತೀವಿ ಅಂತಿಟ್ಕೊಳ್ಳಿ. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಕ್ಕಿತು ಅನ್ನಿ. ದಿನಕ್ಕೆ 420. ಇದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ, ಅಂದ್ರೆ 60. ಒಟ್ಟು 480.

ಈಗ ಖರ್ಚು. ಹಿಂಡಿ, ಬೂಸಾ, ಫೀಡ್ ಎಲ್ಲ ಸೇರಿ 6.5 ಕೆ.ಜಿ. ಬೇಕು, ಸುಮಾರು 180 ರೂಪಾಯಿ. ಹಸಿರು ಮೇವು 25 ಕೆ.ಜಿ.ಗೆ 75. ರಾಗಿ ಹುಲ್ಲಿಗೆ 40. ಔಷಧಿ, ಖನಿಜ ಮಿಶ್ರಣ ಅಂತ 15. ಒಟ್ಟು 310. ದಿನಕ್ಕೆ 170 ಉಳೀತು. 305 ದಿನಕ್ಕೆ 51,850.

ಖುಷಿ ಪಡೋಕೆ ಮುಂಚೆ ತಡೀರಿ. ಹಸು ವರ್ಷಪೂರ್ತಿ ಕರೆಯೋ ಮೆಷಿನ್ ಅಲ್ಲ. ಒಂದು ಕರುವಿನಿಂದ ಇನ್ನೊಂದು ಕರುವಿಗೆ 14 ತಿಂಗಳು, ಅಂದ್ರೆ ಸುಮಾರು 425 ದಿನ ಹಿಡಿಯುತ್ತೆ ಅಂದ್ಕೊಳ್ಳಿ. ಉಳಿದ 120 ದಿನ ಹಾಲಿಲ್ಲ, ಹೊಟ್ಟೆ ಇದೆ. ದಿನಕ್ಕೆ 150ರಂತೆ 18,000 ಹೋಯ್ತು. ಕೈಗೆ ಸಿಕ್ಕಿದ್ದು 33,850. ಅದನ್ನ 14 ತಿಂಗಳಿಗೆ ಭಾಗಿಸಿ: ತಿಂಗಳಿಗೆ ಸುಮಾರು 2,400 ರೂಪಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು, ಎರಡು ಹೊತ್ತು ಕರೆದು ಡೇರಿಗೆ ಹಾಕಿ ಬರೋ ಕೆಲಸಕ್ಕೆ ದಿನಕ್ಕೆ ಎರಡು ಗಂಟೆ ಅಂದ್ರೂ, ಗಂಟೆಗೆ 40 ರೂಪಾಯಿ ಬಿತ್ತು. ಚಿಕ್ಕಮ್ಮನ ಕೂಲಿಯೇ ಇದರಲ್ಲಿ ಹುಟ್ಟೋದು ಕಷ್ಟ. ಇನ್ನು ನಿಮಗೆ ಎಲ್ಲಿಂದ ಕೊಡ್ತಾರೆ?

ರೀಲ್ಸ್‌ನವರು ಹೇಳಿದ 5 ಸಾವಿರ ನೆನಪಿದೆಯಲ್ಲ? ಒಂದು ಹಸುವಿನಿಂದ, ಕೂಲಿ ಲೆಕ್ಕ ಹಾಕದೇನೇ 2,400 ಉಳಿಯುವಾಗ, ಆಳು, ಶೆಡ್ಡು, ಡ್ರೋನ್ ಎಲ್ಲ ಕಳೆದು 5 ಸಾವಿರ ಹೇಗೆ? ಅದಕ್ಕೆ ಆಮೇಲೆ ಬರೋಣ.

ಅರ್ಧ ಅನ್ನೋದು ಗೋಮಾಳದ ಬೆಲೆ

ಈಗ ಕಡಸಿನ ಲೆಕ್ಕ. ಒಂದು ವರ್ಷದ ಕಡಸಿಗೆ 20 ಸಾವಿರ ಕೊಟ್ರಿ. ಒಂದೂವರೆ ವರ್ಷ ಸಾಕಿದ ಮೇಲೆ ಕರು ಹಾಕಿತು, 80 ಸಾವಿರ ಬೆಲೆ ಬಂತು. ಏರಿದ್ದು 60 ಸಾವಿರ, ತಲಾ 30 ಸಾವಿರ. ಒಳ್ಳೇ ಬಿಸಿನೆಸ್ ಅನ್ಸುತ್ತೆ. ಆದರೆ ಆ 540 ದಿನ ಕಡಸು ಏನು ತಿಂತು? ಎಲ್ಲ ಕೊಂಡು ಹಾಕಿದರೆ, ದಿನಕ್ಕೆ 70 ರೂಪಾಯಿ ಅಂದ್ರೂ 37,800. ಸಾಕಿದವರಿಗೆ ಸಿಕ್ಕಿದ್ದು 30 ಸಾವಿರ. ಒಂದೂವರೆ ವರ್ಷ ದುಡಿದು 7,800 ಕೈಯಿಂದ ಹಾಕಿದಂಗಾಯ್ತು.

ಹಾಗಾದ್ರೆ ನಮ್ಮ ಅಜ್ಜ-ಅಜ್ಜಿ ಕಾಲದಲ್ಲಿ ಅರ್ಧ ಪಾಲು ಹೇಗೆ ನಡೀತಿತ್ತು? ಹುಲ್ಲು ಬಿಟ್ಟಿ ಸಿಗ್ತಿತ್ತು. ಗೋಮಾಳ ಇತ್ತು, ಕೆರೆ ಅಂಗಳ ಇತ್ತು, ಬದುವಿನ ಹುಲ್ಲಿತ್ತು, ರಾಗಿ ಕೊಯ್ದ ಹೊಲ ಇತ್ತು. ದನ ಬೆಳಿಗ್ಗೆ ಹೋಗಿ ಸಂಜೆ ಹೊಟ್ಟೆ ತುಂಬಿಸಿಕೊಂಡು ಬರೋದು. ಅರ್ಧ ಪಾಲು ಅನ್ನೋ ನಿಯಮದ ಒಳಗೆ ಆ ಬಿಟ್ಟಿ ಹುಲ್ಲು ಅಡಗಿತ್ತು. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂತು, ಸುತ್ತಮುತ್ತ ಲೇಔಟು ಬಂತು. ನೆಲಮಂಗಲದ ಕಡೆ ಗೋದಾಮುಗಳು, ದೊಡ್ಡಬಳ್ಳಾಪುರದಲ್ಲಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್. ಹುಲ್ಲು ಹೋಯ್ತು, ಹುಲ್ಲಿಗೆ ಹೋಗ್ತಿದ್ದ ಹುಡುಗರು ಗಾರ್ಮೆಂಟ್ಸು, ಗೋದಾಮಿಗೆ ಹೋದರು. ಅರ್ಧ ಅನ್ನೋ ಮಾತು ಮಾತ್ರ ಹಂಗೇ ಉಳೀತು. ‘ಹಿಂದಿನಿಂದ ಬಂದ ಪದ್ಧತಿ’ ಅಂತ ಅರ್ಧಕ್ಕೆ ಒಪ್ಪಿಸಿದರೆ ನಷ್ಟ ಚಿಕ್ಕಮ್ಮನದು. ಅದು ಅವರಿಗೂ ಮೊದಲ ವರ್ಷ ಗೊತ್ತಾಗಲ್ಲ.

ಸರಿಪಡಿಸೋದು ಕಷ್ಟ ಏನಲ್ಲ. ಕೊಂಡ ಮೇವು-ಫೀಡಿನ ಖರ್ಚನ್ನ ಮೊದಲು ಕಳೆದು, ಆಮೇಲೆ ಉಳಿದದ್ದನ್ನ ಹಂಚಬೇಕು. ಇಲ್ಲಾ, ಫೀಡು-ಔಷಧಿ ಹಣ ಹಾಕಿದವರದು, ಹುಲ್ಲು-ದುಡಿಮೆ ಸಾಕುವವರದು ಅಂತ ಮಾಡಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲೇ ಮೇವು ಪೂರ್ತಿ ಕಳೆದರೆ ಉಳಿಯೋದು 22,200, ತಲಾ 11,100. ಚಿಕ್ಕಮ್ಮನ ಹತ್ತಿರ ಅರ್ಧ ಎಕರೆಯಲ್ಲಿ ಸೀಮೆ ಹುಲ್ಲೋ ಮುಸುಕಿನ ಜೋಳವೋ ಇದ್ದರೆ ಇದು ಹೆಚ್ಚಾಗುತ್ತೆ. ಹುಲ್ಲಿಗೆ ಒಂದು ಗುಂಟೆ ಜಾಗ ಇಲ್ಲದ ಮನೆಗೆ ಹಸು ಕಟ್ಟಿಸೋದು ನನ್ನ ಪ್ರಕಾರ ತಪ್ಪು ಲೆಕ್ಕ.

ಕರುವಿನ ಹಾಲು ಯಾರ ಲೆಕ್ಕಕ್ಕೆ?

ಇಡೀ ಸಂಚಿಕೆಯಲ್ಲಿ ಒಂದೇ ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಹಾಲು ಸಾಕುವವರಿಗೆ, ಕರುವಿನಲ್ಲಿ ಇಬ್ಬರಿಗೂ ಪಾಲು ಅಂತ ಮಾಡಿಕೊಂಡ್ರಿ. ಕರು ಹುಟ್ಟಿತು. ಅದರ ತೂಕ 30 ಕೆ.ಜಿ. ಅನ್ನಿ. ತೂಕದ ಹತ್ತನೇ ಒಂದು ಭಾಗ ಹಾಲು ಬೇಕು ಅಂತಾರೆ, ಅಂದ್ರೆ ದಿನಕ್ಕೆ 3 ಲೀಟರ್. ಮೂರು ತಿಂಗಳಿಗೆ 270 ಲೀಟರ್. ಪ್ರೋತ್ಸಾಹಧನ ಸೇರಿ ಲೀಟರಿಗೆ 40ರಂತೆ 10,800 ರೂಪಾಯಿ.

ಈಗ ಚಿಕ್ಕಮ್ಮನ ಜಾಗದಲ್ಲಿ ನಿಂತು ನೋಡಿ. ಕರುವಿಗೆ ಬಿಟ್ಟ ಪ್ರತಿ ಲೀಟರ್ ಹಾಲಿನ ದುಡ್ಡು ಪೂರ್ತಿ ಅವರ ಜೇಬಿಂದ ಹೋಗುತ್ತೆ. ಕರು ದೊಡ್ಡದಾದಾಗ ಬರೋ ಬೆಲೆಯಲ್ಲಿ ಅವರಿಗೆ ಅರ್ಧ. ಮನೆಯಲ್ಲಿ ಸ್ಕೂಲ್ ಫೀಸು, ಸಂಘದ ಕಂತು ಕಾಯ್ತಾ ಇದೆ. ಏನಾಗುತ್ತೆ? ಕರುವಿಗೆ ಒಂದು ಮೊಲೆ ಬಿಡೋ ಕಡೆ ಅರ್ಧ ಮೊಲೆ. ಅದು ಸೊರಗುತ್ತೆ, ಬೇಧಿ ಹಿಡಿಯುತ್ತೆ. ಬದುಕಿದರೂ ಬೆದೆಗೆ ಬರೋದು ತಡ, ಮೊದಲ ಕರು ಹಾಕೋದು ತಡ. ನಿಮ್ಮ ಹೂಡಿಕೆಯ ಲಾಭ ಅಂತ ಯಾವುದನ್ನ ಅಂದ್ಕೊಂಡಿದ್ರೋ ಅದೇ ಸೊರಗಿತು. ಇದರಲ್ಲಿ ಚಿಕ್ಕಮ್ಮನ ಮೋಸ ಇಲ್ಲ, ನೀವಿಬ್ಬರೂ ಮಾಡಿಕೊಂಡ ಕರಾರು ಹಾಗೆ ಮಾಡಿಸ್ತು.

ಇದು ಎರಡು ಸಾವಿರ ವರ್ಷದಷ್ಟು ಹಳೇ ಸಮಸ್ಯೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷ, ಅಂದ್ರೆ ರಾಜನ ಹಸುಗಳ ಅಧಿಕಾರಿಯ ಕೆಲಸ ವಿವರಿಸೋ ಅಧ್ಯಾಯ ಇದೆ. ನೂರು ದನಕ್ಕೆ ದನಗಾಹಿ, ಕರೆಯುವವನು, ಕಡೆಯುವವನು ಅಂತೆಲ್ಲ ನೇಮಿಸಿ ಅಂತ ಹೇಳಿ, ಅವರಿಗೆ ಸಂಬಳ ದುಡ್ಡಲ್ಲಿ ಕೊಡಬೇಕು, ಹಾಲು-ತುಪ್ಪದ ರೂಪದಲ್ಲಿ ಬೇಡ ಅಂತಾನೆ. ಕಾರಣ? ಹಾಲೇ ಸಂಬಳ ಆದ್ರೆ ಕರುಗಳಿಗೆ ಹಾಲು ಬಿಡದೆ ಕೊಲ್ತಾರೆ ಅಂತ.

ಆಚೆ ಫ್ರಾನ್ಸ್‌ನಲ್ಲಿ 1804ರ ನಾಗರಿಕ ಸಂಹಿತೆಯಲ್ಲಿ ದನ ಪಾಲಿಗೆ ಕೊಡೋದಕ್ಕೇ ಒಂದು ಅಧ್ಯಾಯ ಇದೆ. ಅಲ್ಲೂ ಹಾಲು, ಗೊಬ್ಬರ, ದನದ ದುಡಿಮೆ ಸಾಕಿದವನಿಗೆ; ಉಣ್ಣೆ ಮತ್ತು ಹುಟ್ಟುವ ಮರಿ-ಕರುಗಳಲ್ಲಿ ಇಬ್ಬರಿಗೂ ಪಾಲು. ನಮ್ಮ ಹಳ್ಳಿ ಕರಾರಿನ ಪ್ರತಿ ತೆಗೆದ ಹಾಗಿದೆ. ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಸಾಕಿದವನ ತಪ್ಪಿಲ್ಲದೆ ದನ ಎಲ್ಲ ಸತ್ತರೆ ಪೂರ್ತಿ ನಷ್ಟ ಅವನ ತಲೆಗೆ ಕಟ್ಟೋ ಹಾಗೆ ಕರಾರು ಮಾಡುವಂತಿಲ್ಲ. ಅಂದ ಹಾಗೆ ಇಂಗ್ಲಿಷಿನ ‘ಕ್ಯಾಟಲ್’, ‘ಕ್ಯಾಪಿಟಲ್’ ಎರಡೂ ಒಂದೇ ಲ್ಯಾಟಿನ್ ಬೇರಿನ ಪದಗಳು. ನಮ್ಮ ಶೇರು ಮಾರ್ಕೆಟ್ ಭಾಷೆಗೂ ಕೊಟ್ಟಿಗೆಗೂ ನಂಟು ಇರೋದು ಇವತ್ತಿನಿಂದಲ್ಲ.

ಪರಿಹಾರ ಏನು? ಕರುವಿನ ಹಾಲಿಗೆ ಬೆಲೆ ಕಟ್ಟಿ ಕರಾರಿನಲ್ಲಿ ಬರೀರಿ. ಮೊದಲ ಮೂರು ತಿಂಗಳು ಕರುವಿಗೆ ದಿನಕ್ಕೆ 3 ಲೀಟರ್, ಅದರ ಅರ್ಧ ಬೆಲೆ ಹಣ ಹಾಕಿದವರು ತಿಂಗಳು ತಿಂಗಳು ಕೊಡಬೇಕು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ 1,800 ರೂಪಾಯಿ. ನೀವು ಎರಡು ಸಲ ಊಟ ಆರ್ಡರ್ ಮಾಡಿದರೆ ಹೋಗೋ ದುಡ್ಡು. ಹುಟ್ಟಿದ ಮೊದಲ ಗಂಟೆಯೊಳಗೆ ಗಿಣ್ಣು ಹಾಲು ಕುಡಿಸೋದು ಮಾತ್ರ ಲೆಕ್ಕದ ಆಚೆ. ಅದಿಲ್ಲದೆ ಕರುವಿಗೆ ರೋಗ ತಡೆಯೋ ಶಕ್ತಿಯೇ ಬರಲ್ಲ.

ಬೆದೆ, ಸೂಜಿ, 21 ದಿನ

ಹೂಡಿಕೆ ಅಂದ ಮೇಲೆ ಅದು ಬೆಳೀಬೇಕು. ಹಸು ವಿಷಯದಲ್ಲಿ ಬೆಳವಣಿಗೆ ಅಂದ್ರೆ ಸಮಯಕ್ಕೆ ಗಬ್ಬ ಆಗೋದು. ಬೆದೆಗೆ ಬರೋದು ಸುಮಾರು 21 ದಿನಕ್ಕೊಮ್ಮೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ ಹಾಕಿಸಬೇಕು, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಸೂಜಿ ಅಂದ್ರೆ ಇಲ್ಲಿ ಕೃತಕ ಗರ್ಭಧಾರಣೆ. ನಮ್ಮ ಕಡೆ ಹಾಗೇ ಕರೆಯೋದು. ಒಂದು ಬೆದೆ ತಪ್ಪಿತು ಅಂದ್ರೆ 21 ದಿನ ಹೋಯ್ತು. ಹಾಲಿಲ್ಲದ ದಿನದ ಖರ್ಚು 150 ಅಂತ ಹಾಕಿದ್ವಲ್ಲ, 3,150 ರೂಪಾಯಿ ಗಾಳಿಗೆ. ಮೂರು ಬೆದೆ ತಪ್ಪಿದರೆ ಸುಮಾರು ಒಂಬತ್ತೂವರೆ ಸಾವಿರ. ಸಿಟಿಯಲ್ಲಿ ಕೂತವರಿಗೆ ಈ ನಷ್ಟ ಕಾಣಿಸೋದೇ ಇಲ್ಲ, ಯಾಕಂದ್ರೆ ಯಾವ ಬಿಲ್ಲೂ ಬರಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಪಕ್ಕದ ಹೆಸರಘಟ್ಟದಲ್ಲೇ ಕೇಂದ್ರ ಸರ್ಕಾರದ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಇದೆ, ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೂ ಇದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟ ಕಡ್ಡಿಗಳು ಅಲ್ಲಿಂದ ಹಳ್ಳಿಗೆ ಬರ್ತವೆ. ಈಗ ಲಿಂಗ ವಿಂಗಡಿತ ಕಡ್ಡಿಯೂ ಸಿಗುತ್ತೆ, ಹತ್ತರಲ್ಲಿ ಒಂಬತ್ತರಷ್ಟು ಹೆಣ್ಣು ಕರು ಹುಟ್ಟೋ ಸಾಧ್ಯತೆ. ಮಾಮೂಲಿ ಕಡ್ಡಿಗಿಂತ ದುಬಾರಿ. ಕರುವಿನಲ್ಲಿ ನಿಮಗೂ ಪಾಲಿದ್ದರೆ ಆ ಹೆಚ್ಚುವರಿ ದುಡ್ಡು ನೀವು ಕೊಡೋದು ನ್ಯಾಯ. ಒಂದು ಎಚ್ಚರಿಕೆ: ಗಬ್ಬ ನಿಲ್ಲೋ ಪ್ರಮಾಣ ಅದರಲ್ಲಿ ಸ್ವಲ್ಪ ಕಡಿಮೆ. ಹಾಗಾಗಿ ತಿರುಗಾಮುರುಗಾ ಬೆದೆಗೆ ಬರೋ ಹಸುವಿಗೆ ಹಾಕಿಸಿ ದುಡ್ಡು ಕಳೀಬೇಡಿ, ಡಾಕ್ಟರನ್ನ ಕೇಳಿ.

ಸೂಜಿ ಹಾಕಿಸಿದ ದಿನ, ಯಾವ ಹೋರಿಯ ಕಡ್ಡಿ, ಎರಡು-ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿದ ದಿನ. ಇಷ್ಟೇ ದಾಖಲೆ. ಚಿಕ್ಕಮ್ಮನಿಗೆ ಎಕ್ಸೆಲ್ ಶೀಟ್ ಕಳಿಸ್ಬೇಡಿ. ಕೊಟ್ಟಿಗೆ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಗುಂಡು ಹಾಕಿ, ತಿಂಗಳ ಒಂದನೇ ತಾರೀಕು ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಸಾಕು.

ಸತ್ತರೆ?

ಬಹಳ ಜನ ಈ ಮಾತು ಎತ್ತೋದೇ ಇಲ್ಲ, ಅಪಶಕುನ ಅಂತ. 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ಹಳೇ ಮೈಸೂರು ಭಾಗದಲ್ಲಿ ಸಾವಿರಾರು ಹಸು ಸತ್ತವು. 2022ರಲ್ಲಿ ಚರ್ಮಗಂಟು ರೋಗ. ಹಸು ಸತ್ತ ದಿನ ಕೂತು ‘ನಿನ್ನ ದುಡ್ಡು, ನನ್ನ ದುಡಿಮೆ’ ಅಂತ ಮಾತಾಡೋಕೆ ಶುರು ಮಾಡಿದರೆ ಸಂಬಂಧವೂ ಅದರ ಜೊತೆ ಹೂತು ಹೋಗುತ್ತೆ.

ವಿಮೆಗೆ ಕಿವಿಯೋಲೆ ಬೇಕು. ಹಸುವಿನ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ನೋಡಿರ್ತೀರಲ್ಲ, ಅದೇ. 12 ಅಂಕಿಯ ನಂಬರ್ ಇರುತ್ತೆ. ಓಲೆ ಬಿದ್ದುಹೋದರೆ ಪಶು ಆಸ್ಪತ್ರೆಗೆ ತಿಳಿಸಿ ಮತ್ತೆ ಹಾಕಿಸಬೇಕು. ಓಲೆ ಇಲ್ಲದೆ ಕ್ಲೇಮ್ ಸಿಗೋದು ಕಷ್ಟ. ಸತ್ತಾಗ ಡಾಕ್ಟರಿಂದ ಮರಣೋತ್ತರ ಪರೀಕ್ಷೆ ಪತ್ರ ಬೇಕು, ಹೂಳೋಕೆ ಮುಂಚೆ. ಪಾಲಿಸಿ ಯಾರ ಹೆಸರಲ್ಲಿ ಇರುತ್ತೋ ದುಡ್ಡು ಅವರಿಗೆ ಹೋಗುತ್ತೆ. ಸಾಮಾನ್ಯವಾಗಿ ಅದು ಸಾಕುವವರ ಹೆಸರು. ಹಾಗಾಗಿ ಪ್ರೀಮಿಯಂ ಯಾರು ಕಟ್ಟೋದು, ಬಂದ ಹಣ ಹೇಗೆ ಹಂಚೋದು ಅಂತ ಮೊದಲೇ ಬರೆದಿಡಿ.

ಬರೆದಿಡಿ ಅಂತ ಪದೇ ಪದೇ ಹೇಳೋಕೆ ಇನ್ನೊಂದು ಕಾರಣ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 163ನೇ ಕಲಂ, ಒಬ್ಬರ ವಸ್ತುವನ್ನ ಇನ್ನೊಬ್ಬರ ಸುಪರ್ದಿಗೆ ಕೊಟ್ಟಾಗ ಅದರಿಂದ ಆಗೋ ವೃದ್ಧಿ ಯಾರದು ಅಂತ ಹೇಳುತ್ತೆ. ಕಾಯ್ದೆಯಲ್ಲಿ ಕೊಟ್ಟಿರೋ ಉದಾಹರಣೆ ಏನು ಗೊತ್ತಾ? ಹಸು! ಒಬ್ಬ ಹಸುವನ್ನ ಇನ್ನೊಬ್ಬನ ಬಳಿ ಬಿಟ್ಟ, ಅದು ಕರು ಹಾಕಿತು. ಹಸುವಿನ ಜೊತೆ ಕರುವನ್ನೂ ಮಾಲೀಕನಿಗೆ ಒಪ್ಪಿಸಬೇಕು. ಬೇರೆ ಥರ ಕರಾರು ಇಲ್ಲದಿದ್ದರೆ ಮಾತ್ರ. ಅಂದ್ರೆ ಬಾಯಿಮಾತಿನ ಪಾಲಿನಲ್ಲಿ ಜಗಳ ಬಂದು, ಮಾತನ್ನ ಸಾಬೀತು ಮಾಡೋಕೆ ಆಗದೇ ಹೋದರೆ, ಕಾನೂನು ಕರುವನ್ನ ದುಡ್ಡಿರೋರ ಕಡೆಗೆ ಕೊಡುತ್ತೆ. ಕಾಗದ ಬೇಕಾಗಿರೋದು ನಿಮಗಿಂತ ಹೆಚ್ಚಾಗಿ ಚಿಕ್ಕಮ್ಮನಿಗೆ. ‘ನಂಬಿಕೆ ಇಲ್ವಾ’ ಅಂತ ಅವರು ಕೇಳಿದರೆ ಇದನ್ನ ಹೇಳಿ.

ಒಂದು ಪುಟ ಸಾಕು, ಕನ್ನಡದಲ್ಲಿ. ಓಲೆ ನಂಬರು, ಕೊಂಡ ಬೆಲೆ, ಹಾಲು ಯಾರಿಗೆ, ಕರು ಯಾರಿಗೆ, ಸತ್ತರೆ ಏನು, ಯಾವಾಗ ಬಿಡಿಸಿಕೊಳ್ಳೋದು. ಇಬ್ಬರ ಸಹಿ, ಇಬ್ಬರು ಸಾಕ್ಷಿ. ಹಾಲಿನ ದುಡ್ಡು ಸಂಘದ ಸದಸ್ಯರ ಖಾತೆಗೇ ಬೀಳೋದು. ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಸದಸ್ಯರು ಚಿಕ್ಕಮ್ಮ, ನೀವಲ್ಲ. ಅದು ಹಾಗೇ ಇರಲಿ.

ಬಿಡಿಸಿಕೊಳ್ಳೋ ವಿಷಯ ಈಗ ಮೊದಲಿನಷ್ಟು ಸಲೀಸಲ್ಲ. ಹಿಂದೆ ಐದಾರು ಸೂಲು ಆದ ಮೇಲೆ ಹಸು ಮಾರಿ ಬಂದದ್ದನ್ನ ಹಂಚ್ಕೊಳ್ಳೋರು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಗೊಡ್ಡು ಹಸು, ಎಚ್‌ಎಫ್ ಗಂಡು ಕರುವಿಗೆ ಕೊಳ್ಳೋರು ಸಿಗೋದು ಕಷ್ಟ. ಆ ಕಾಯ್ದೆ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಲೆಕ್ಕದಲ್ಲಿ ಕೊನೆಯ ಬೆಲೆಯನ್ನ ಸೊನ್ನೆ ಅಂತ ಹಾಕಿ. ಹಾಲು ಬತ್ತಿದ ಹಸುವನ್ನ ಚಿಕ್ಕಮ್ಮನ ಕೊಟ್ಟಿಗೆಯಲ್ಲೇ ಬಿಟ್ಟು ‘ನನ್ನ ದುಡ್ಡು ವಾಪಸ್ ಬಂತು’ ಅಂತ ಕೈ ತೊಳ್ಕೊಳ್ಳೋದು ಪಾಲುದಾರಿಕೆ ಅಲ್ಲ. ಮೂರನೇ ಸೂಲಿನಲ್ಲಿ, ಹಸುವಿಗೆ ಇನ್ನೂ ಬೆಲೆ ಇರುವಾಗಲೇ ಬೆಲೆ ಕಟ್ಟಿ ಲೆಕ್ಕ ಮುಗಿಸಿಕೊಳ್ಳೋದು ವಾಸಿ.

ಹಳ್ಳಿಕಾರ್ ಜೋಡಿಗಳ ಲೆಕ್ಕ ಇದಕ್ಕಿಂತ ಬೇರೆ. ಅದರಲ್ಲಿ ಹಾಲಿನ ಮಾತೇ ಇಲ್ಲ, ಏರಿದ ಬೆಲೆ ಒಂದೇ. ಎಳೆಯ ಕರುಗಳನ್ನ ಜೋಡಿ ಕೂಡಿಸಿ, ಬಣ್ಣ, ಕೊಂಬು, ಎತ್ತರ ಸರಿಹೊಂದಿಸಿ, ಸಾಕಿ, ಪಳಗಿಸಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಟ್ಟೋದು. ಅಲ್ಲಿ ವಯಸ್ಸನ್ನ ಹಲ್ಲು ನೋಡಿ ಹೇಳ್ತಾರೆ, ಬೆಲೆಯನ್ನ ಟವೆಲ್ ಕೆಳಗೆ ಬೆರಳು ಹಿಡಿದು ಮಾತಾಡ್ತಾರೆ. ನಿಮ್ಮ ಪಾಲುದಾರರಿಗೆ ಎಷ್ಟಕ್ಕೆ ಮಾರಾಯ್ತು ಅಂತ ಪಕ್ಕದಲ್ಲಿ ನಿಂತವರಿಗೂ ತಿಳಿಯಲ್ಲ! ಜೋಡಿಯಲ್ಲಿ ದುಡ್ಡು ಹಾಕಿದ್ದರೆ ಜಾತ್ರೆಗೆ ಖುದ್ದಾಗಿ ಹೋಗಿ, ಕೈ ನೀವೇ ಕೊಡಿ.

ಈಗ ರೀಲ್ಸ್‌ಗೆ ಬರೋಣ

ನಾಲ್ಕು ಜನ ಫ್ರೆಂಡ್ಸ್ ಸೇರಿ ಹತ್ತು ಹಸು ಕಟ್ಟೋದು ತಪ್ಪಲ್ಲ. 1932ರ ಪಾಲುದಾರಿಕೆ ಕಾಯ್ದೆಯಡಿ ಫರ್ಮ್ ಮಾಡಬಹುದು. ನೋಂದಣಿ ಮಾಡಿಸದಿದ್ದರೆ ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಕರಾರಿನ ಹಕ್ಕು ಕೇಳೋಕೆ ಆಗಲ್ಲ, ಫರ್ಮ್‌ನ ಸಾಲಕ್ಕೆ ಎಲ್ಲರೂ ಸ್ವಂತ ಆಸ್ತಿಯಿಂದ ಹೊಣೆ. ಅದು ಬೇಡ ಅಂದ್ರೆ 2008ರ ಕಾಯ್ದೆಯ ಎಲ್‌ಎಲ್‌ಪಿ. ಇವುಗಳಲ್ಲಿ ಎಲ್ಲ ಪಾಲುದಾರರಿಗೂ ನಿರ್ಧಾರದಲ್ಲಿ ಬಾಯಿ ಇರುತ್ತೆ.

ಯಾರೋ ಒಬ್ಬರು ಗುರುತಿಲ್ಲದ ನೂರಾರು ಜನರ ದುಡ್ಡನ್ನ ಒಟ್ಟು ಹಾಕಿ, ಲಾಭ ಕೊಡ್ತೀವಿ ಅಂತ ಹೇಳಿ, ನಿರ್ವಹಣೆ ತಾವೇ ಮಾಡಿ, ದುಡ್ಡು ಹಾಕಿದವರಿಗೆ ದಿನನಿತ್ಯದ ಹಿಡಿತ ಇಲ್ಲದಂತೆ ಇಟ್ಟರೆ, ಅದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ: ಸಾಮೂಹಿಕ ಹೂಡಿಕೆ ಯೋಜನೆ. ಸೆಬಿ ಕಾಯ್ದೆಯ 11ಎಎ ಕಲಂ ಈ ನಾಲ್ಕು ಲಕ್ಷಣವನ್ನೇ ಹೇಳೋದು. ಸೆಬಿ ನೋಂದಣಿ ಇಲ್ಲದೆ ಅದನ್ನ ನಡೆಸೋ ಹಾಗಿಲ್ಲ. ‘ನೀವು ಕೊಟ್ಟಿಗೆ ಕಡೆ ತಲೆ ಹಾಕೋದೂ ಬೇಡ’ ಅಂದಿದ್ರಲ್ಲ, ಅವರು ಸೌಲಭ್ಯ ಅಂತ ಹೇಳಿದ ಅದೇ ಮಾತು ಕಾನೂನಿನ ನಾಲ್ಕನೇ ಲಕ್ಷಣ. ಸಹಕಾರ ಸಂಘಗಳಿಗೆ ಇದರಿಂದ ವಿನಾಯಿತಿ ಇದೆ. ನಿಮ್ಮ-ಚಿಕ್ಕಮ್ಮನ ಕರಾರು ಇದರ ಹತ್ತಿರಕ್ಕೂ ಬರಲ್ಲ.

ಪುಣೆಯ ಸಮೃದ್ಧ ಜೀವನ್ ಅನ್ನೋ ಕಂಪನಿ ಮೇಕೆ, ಎಮ್ಮೆ ಸಾಕಾಣಿಕೆ ಹೆಸರಲ್ಲಿ ಹಣ ಎತ್ತುತ್ತಿತ್ತು. ನೋಂದಣಿ ಇಲ್ಲ ಅಂತ 2013ರಲ್ಲಿ ಸೆಬಿ ಅದಕ್ಕೆ ಹೊಸದಾಗಿ ಹಣ ತಗೋಬೇಡಿ ಅಂತ ಆದೇಶ ಮಾಡಿತು. ಅದಕ್ಕೆ ಒಂದು ವರ್ಷ ಮುಂಚೆ, 2012ರಲ್ಲಿ, ತಮಿಳುನಾಡಿನ ಪೆರುಂದುರೈನ ಸುಸಿ ಈಮು ಫಾರ್ಮ್ಸ್ ಕುಸಿದು ಬಿತ್ತು. ಈಮು ಮರಿ ಸಾಕಿ, ತಿಂಗಳಿಗೆ ಇಷ್ಟು ದುಡ್ಡು ಖಾತ್ರಿ ಅಂತ ಅಲ್ಲೂ ಹೇಳಿದ್ರು. ಪಕ್ಷಿಗಳು ನಿಜವಾಗಿಯೂ ಇದ್ದವು. ಮಾಂಸ ಕೊಳ್ಳೋ ಮಾರುಕಟ್ಟೆ ಇರಲಿಲ್ಲ. ಮಾಲಿನಿಂದ ದುಡ್ಡು ಹುಟ್ಟದೆ ಇದ್ದಾಗ ತಿಂಗಳ ಖಾತ್ರಿ ಹಣ ಬರೋಕೆ ಉಳಿಯೋ ದಾರಿ ಒಂದೇ: ಆಮೇಲೆ ಸೇರಿದವರ ದುಡ್ಡು. ನಮ್ಮ ಲೆಕ್ಕದ 2,400ಕ್ಕೂ ಅವರು ಹೇಳೋ 5,000ಕ್ಕೂ ಮಧ್ಯ ಇರೋ ಅಂತರ ತುಂಬೋದು ಹಾಗೆ. 2019ರಿಂದ ಅನಿಯಂತ್ರಿತ ಠೇವಣಿ ಯೋಜನೆಗಳನ್ನ ನಿಷೇಧಿಸೋ ಕೇಂದ್ರ ಕಾಯ್ದೆಯೂ ಇದೆ. ಅನುಮಾನ ಬಂದರೆ ರಿಸರ್ವ್ ಬ್ಯಾಂಕ್‌ನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹುಡುಕೋದು ಒಂದು. ಅದರ ಜೊತೆ ಆ ರೀಲ್ಸ್‌ನವರಿಗೆ ಒಂದು ಮೆಸೇಜ್ ಹಾಕಿ: ‘ನನ್ನ ಹಸುವಿನ ಓಲೆ ನಂಬರ್ ಕಳಿಸಿ, ಅದು ಕಳೆದ ಸಲ ಯಾವತ್ತು ಕರು ಹಾಕಿತು, ಕರು ಈಗ ಎಲ್ಲಿದೆ?’ ಚಿಕ್ಕಮ್ಮನನ್ನ ಕೇಳಿದರೆ ಕರುವಿನ ಹೆಸರು, ಅದು ಹುಟ್ಟಿದ ದಿನ ಎಷ್ಟು ಮಳೆ ಬಂತು ಅನ್ನೋದರವರೆಗೂ ಹೇಳ್ತಾರೆ. ಆ ಕಡೆಯಿಂದ ಬರೀ ಬ್ರೋಷರ್ ಪಿಡಿಎಫ್ ಬಂದರೆ ಬ್ಲಾಕ್ ಬಟನ್ ಎಲ್ಲಿದೆ ಅಂತ ನಿಮಗೆ ನಾನು ಹೇಳ್ಬೇಕಿಲ್ಲ.

ಮುಂದಿನ ಸಂಚಿಕೆಯಲ್ಲಿ ಕುರಿ. ಕುರಿ ಪಾಲಿನಲ್ಲಿ ಮರಿಗಳ ಲೆಕ್ಕ ಇದಕ್ಕಿಂತ ಬೇಗ ಓಡುತ್ತೆ, ಜಗಳವೂ ಬೇಗ ಬರುತ್ತೆ. ಅಲ್ಲೀವರೆಗೂ, ನಿಮ್ಮೂರಲ್ಲಿ ಪಾಲು ಹೇಗೆ ಹಂಚ್ತಾರೆ ಅಂತ ಮನೆಯ ಹಿರಿಯರನ್ನ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಸಿಗೋಣ.